ಮೊದಲು ಲೈನರ್, ಆಮೇಲೆ ಬ್ಲಾಕ್: ಅಲ್ಯೂಮಿನಿಯಂ ರೇಸ್ ಎಂಜಿನ್ ಕಟ್ಟುವವರಿಗೆ

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಪೀಣ್ಯದ ನಮ್ಮ ಶೆಡ್‌ಗೆ ಲ್ಯಾಪ್‌ಟಾಪ್ ಹಿಡಿದು ಬಂದ. ಅಲ್ಯೂಮಿನಿಯಂ ದಿಮ್ಮಿಯಿಂದ ನಾಲ್ಕು ಸಿಲಿಂಡರ್ ಬ್ಲಾಕ್ ಮಿಲ್ ಮಾಡಿಸಬೇಕಂತೆ. ಡ್ರಾಯಿಂಗ್ ಚೆನ್ನಾಗಿತ್ತು, ಬೋಲ್ಟಿನ ದಾರದವರೆಗೆ ಬಿಡಿಸಿದ್ದ. ಬ್ಲಾಕಿನೊಳಗೆ ಕೂತು ಪಿಸ್ಟನ್ ಓಡಾಡುವ ಗೋಡೆಯಾಗುವ ಲೈನರ್ ಇರಬೇಕಾದ ಜಾಗದಲ್ಲಿ ಮಾತ್ರ ಒಂದು ಬರೀ ಕೊಳವೆ.

"ಬೋರ್ ಎಷ್ಟಿಟ್ಟಿದ್ದೀಯಪ್ಪಾ?"

"87.3 ಸಾರ್."

"ಅದೇನದು 87.3?"

"ಸಿಸಿ ಸರಿಯಾಗಿ ಬರಲಿ ಅಂತ ಸಾರ್. ಲೈನರ್ ಆಮೇಲೆ ನೋಡ್ಕೊಳ್ಳೋಣ."

"ಆ ಸೈಜ್‌ಗೆ ರಿಂಗ್ ಎಲ್ಲಿ ತರ್ತೀಯಾ?"

ಹುಡುಗ ಸುಮ್ಮನಾದ. ಅವನದು ಒಬ್ಬನ ತಪ್ಪಲ್ಲ. ಬ್ಲಾಕ್ ದೊಡ್ಡದು, ಕಣ್ಣಿಗೆ ಕಾಣುವುದು, ದುಡ್ಡು ಹೋಗುವುದು ಅದಕ್ಕೇ. ಹಾಗಾಗಿ ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಆದರೆ ಹೊಸದಾಗಿ ಬ್ಲಾಕ್ ಕಟ್ಟುವಾಗ ದಾರಿ ತಿರುಗಾಮುರುಗಾ ಇರಬೇಕು. ಮೊದಲು ಪಿಸ್ಟನ್ ರಿಂಗ್, ಅದರಿಂದ ಬೋರ್ (ಸಿಲಿಂಡರಿನ ಒಳ ಅಗಲ), ಬೋರ್‌ನಿಂದ ಲೈನರ್, ಲೈನರ್‌ನಿಂದ ಸಿಲಿಂಡರ್‌ಗಳ ನಡುವಿನ ದೂರ. ಬ್ಲಾಕಿನ ಡ್ರಾಯಿಂಗ್ ಕೊನೆಯದು. ಹಳೆಯ ಬ್ಲಾಕ್‌ಗೆ ಹೊಸ ಲೈನರ್ ಹಾಕಿಸುವವರಿಗೂ ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಅನ್ವಯಿಸುತ್ತದೆ.

1. ರಿಂಗ್ ಸಿಗುವ ಬೋರ್ ಆರಿಸಿ

86 ಮಿಮೀ ಬೋರ್ ಅನ್ನೇ ನೋಡಿ. ಹೋಂಡಾ ಕೆ20, ಟೊಯೋಟಾ 3ಎಸ್-ಜಿಟಿಇ, 2ಜೆಜೆಡ್, ನಿಸಾನ್ ಎಸ್‌ಆರ್20, ಇವೆಲ್ಲದರ ಬೋರೂ 86, ಸ್ಟ್ರೋಕೂ (ಪಿಸ್ಟನ್ ಓಡುವ ಉದ್ದ) 86. ಇಷ್ಟು ಎಂಜಿನ್‌ಗಳು ಒಂದೇ ಅಳತೆಯವು ಅಂದಮೇಲೆ ಆ ಸೈಜಿನ ಫೋರ್ಜ್ಡ್ ಪಿಸ್ಟನ್, ರಿಂಗ್ ಸೆಟ್, ಗ್ಯಾಸ್ಕೆಟ್ ಎಲ್ಲದಕ್ಕೂ ಹತ್ತು ಕಡೆ ಆಯ್ಕೆ ಇರುತ್ತದೆ. ಮಿತ್ಸುಬಿಷಿ 4ಜಿ63 ಬೋರ್ 85, ಹೋಂಡಾ ಕೆ24 ಬೋರ್ 87. ಅವೂ ಒಳ್ಳೆಯ ಅಳತೆಗಳೇ. 87.3 ಅಂದರೆ ಪ್ರತಿ ರಿಂಗನ್ನೂ ಹೇಳಿ ಮಾಡಿಸಬೇಕು. ಒಂದು ರಿಂಗ್ ಮುರಿದರೆ ಆ ಸೀಸನ್ ಮುಗಿದಂತೆ.

ಇನ್ನೊಂದು ಮಾತು. ಲೈನರ್‌ಗೂ ಮುಂದೆ ಒಂದೆರಡು ಸಲ ಬೋರ್ ಹಾಕಿಸುವ ಅವಕಾಶ ಇರಲಿ. ಈಗ 86, ಗೀರು ಬಿದ್ದರೆ 86.5, ಆಮೇಲೆ 87. ಗೋಡೆಯ ದಪ್ಪ ಲೆಕ್ಕ ಹಾಕುವಾಗ ಈ ಕೊನೆಯ ಅಳತೆಯನ್ನು ಇಟ್ಟುಕೊಂಡು ಹಾಕಿ.

2. ಸೆಂಟರ್ ಟು ಸೆಂಟರ್

ಪಕ್ಕಪಕ್ಕದ ಎರಡು ಸಿಲಿಂಡರ್‌ಗಳ ಮಧ್ಯಬಿಂದುಗಳ ದೂರ ಇದು. ಕಂಪನಿ ಬ್ಲಾಕ್‌ನಲ್ಲಿ ಇದನ್ನು ಬದಲಿಸಲು ಆಗುವುದಿಲ್ಲ. ಹೋಂಡಾ ಬಿ ಸೀರೀಸ್‌ನಲ್ಲಿ 90 ಮಿಮೀ, ಬೋರ್ 81, ಅಂದರೆ ನಡುವೆ ಉಳಿಯುವುದು 9 ಮಿಮೀ. ಅದನ್ನೇ ಜನ 84ಕ್ಕೆ ಏರಿಸುತ್ತಾರೆ, ಆಗ 6 ಉಳಿಯುತ್ತದೆ. ಕೆ ಸೀರೀಸ್‌ನಲ್ಲಿ ದೂರ 94, ಬೋರ್ 86, ಉಳಿಯುವುದು 8. ಶೆವ್ರೊಲೆಯ ಎಲ್‌ಎಸ್7 ವಿ8 ಎಂಜಿನ್‌ನಲ್ಲಿ ದೂರ 111.76, ಬೋರ್ 104.8, ಉಳಿಯುವುದು 7. ಅದರಲ್ಲಿ ಲೈನರ್‌ಗಳ ನಡುವೆ ನೀರೇ ಹರಿಯುವುದಿಲ್ಲ.

ಈ 6, 7, 8 ಮಿಮೀ ಒಳಗೆ ಎರಡು ಲೈನರ್‌ಗಳ ಗೋಡೆ, ನಡುವಿನ ಅಲ್ಯೂಮಿನಿಯಂ, ಮೇಲೆ ಗ್ಯಾಸ್ಕೆಟ್‌ನ ಎರಡು ಉಂಗುರ ಎಲ್ಲವೂ ಕೂರಬೇಕು. ನೀವೇ ಬ್ಲಾಕ್ ಬರೆಯುತ್ತಿದ್ದರೆ ಅಷ್ಟು ಇರುಕಿಸಿಕೊಳ್ಳುವ ಕರ್ಮ ಯಾಕೆ? 86 ಬೋರ್, ಎರಡೂ ಕಡೆ 3 ಮಿಮೀ ಲೈನರ್, ನಡುವೆ 6 ಮಿಮೀ ಅಲ್ಯೂಮಿನಿಯಂ: 98 ಆಯಿತು. ನಾನಾದರೆ ಇದಕ್ಕಿಂತ ಕಡಿಮೆ ಇಡುವುದಿಲ್ಲ. ಹಾಗಂತ 105ಕ್ಕೆ ಹೋದರೆ ಕ್ರ್ಯಾಂಕ್ ಉದ್ದವಾಗುತ್ತದೆ, ತೂಕ ಏರುತ್ತದೆ, ಜಾಸ್ತಿ ಆರ್‌ಪಿಎಂನಲ್ಲಿ ಕ್ರ್ಯಾಂಕ್ ತಿರುಚುವುದೂ ಹೆಚ್ಚುತ್ತದೆ. ಇನ್ನೊಂದು ಗಂಟೂ ಇದೆ. ಸಿಲಿಂಡರ್ ಹೆಡ್ ಕಂಪನಿಯದೇ ಬಳಸುವುದಾದರೆ ಈ ದೂರ ಹೆಡ್ಡಿನ ಪ್ರಕಾರವೇ ಇರಬೇಕು. ಕೆ20 ಹೆಡ್ ಇಟ್ಟುಕೊಂಡರೆ 94, ಮುಗಿಯಿತು. ಆಗ ಲೈನರ್ ಗೋಡೆಯಲ್ಲೋ ನಡುವಿನ ಅಲ್ಯೂಮಿನಿಯಂನಲ್ಲೋ ರಾಜಿ ಮಾಡಿಕೊಳ್ಳಬೇಕು.

3. ಡ್ರೈ ಅಥವಾ ವೆಟ್

ಡ್ರೈ ಲೈನರ್‌ನ ಸುತ್ತಲೂ ಅಲ್ಯೂಮಿನಿಯಂ ಅಪ್ಪಿಕೊಂಡಿರುತ್ತದೆ, ನೀರು ಲೈನರ್‌ಗೆ ತಾಗುವುದಿಲ್ಲ. ವೆಟ್ ಲೈನರ್‌ನ ಹೊರಮೈಗೆ ಕೂಲಂಟ್ ನೇರವಾಗಿ ಹರಿಯುತ್ತದೆ. ಮೇಲೆ ಕಾಲರ್ (ಹೊರಚಾಚಿದ ಅಂಚು), ಕೆಳಗೆ ಎರಡೋ ಮೂರೋ ಓ-ರಿಂಗ್ (ರಬ್ಬರ್ ಉಂಗುರ). ಲಾರಿ, ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿದವರಿಗೆಲ್ಲ ವೆಟ್ ಲೈನರ್ ಗೊತ್ತು.

ವೆಟ್ ಲೈನರ್ ತಂಪಾಗಿ ಓಡುತ್ತದೆ. ಹಾಳಾದರೆ ಎಳೆದು ಇನ್ನೊಂದು ಕೂರಿಸಬಹುದು. ಬ್ಲಾಕ್ ಮಿಲ್ ಮಾಡುವುದೂ ಸುಲಭ, ಯಾಕೆಂದರೆ ನೀರಿನ ಜಾಗ ಒಂದು ದೊಡ್ಡ ತೂತಷ್ಟೇ. ತೊಂದರೆ ಎಂದರೆ ಲೈನರ್‌ಗೆ ಮೇಲೆ, ಕೆಳಗೆ ಎರಡು ಕಡೆ ಮಾತ್ರ ಆಸರೆ. ನಡುವಿನ ಭಾಗ ತನ್ನ ಬಲದ ಮೇಲೆಯೇ ನಿಲ್ಲಬೇಕು. ಹಾಗಾಗಿ ಗೋಡೆ ದಪ್ಪ ಬೇಕು, 5 ಮಿಮೀ ಆದರೂ ಇರಲಿ. ಕೆಳಗಿನ ಓ-ರಿಂಗ್ ಜೋಡಿಸುವಾಗ ಕೊಯ್ದುಕೊಂಡರೆ ಎಣ್ಣೆ ತಟ್ಟೆಯಲ್ಲಿ ನೀರು. ಓ-ರಿಂಗ್ ಕೂರುವ ತೂತಿನ ಬಾಯಿ ಚೂಪಾಗಿರಬಾರದು, ಬೆರಳು ಆಡಿಸಿದರೆ ನುಣ್ಣಗೆ ಜಾರಬೇಕು.

ಕಾಲು ಮೈಲಿ ಡ್ರ್ಯಾಗ್‌ಗೆ ಮಾತ್ರ ಓಡುವ ಗಾಡಿಯಾದರೆ ನನ್ನ ಓಟು ಡ್ರೈ ಲೈನರ್‌ಗೆ. ಹೆಚ್ಚು ಶಕ್ತಿಯ ಡ್ರ್ಯಾಗ್ ಬ್ಲಾಕ್‌ಗಳಲ್ಲಿ ಎಷ್ಟೋ ಸಲ ನೀರಿನ ಜಾಗವನ್ನೇ ಇಟ್ಟಿರುವುದಿಲ್ಲ. ಗಟ್ಟಿ ಅಲ್ಯೂಮಿನಿಯಂ ತಾನೇ ಆ ಕೆಲವು ಸೆಕೆಂಡ್‌ಗಳ ಶಾಖವನ್ನು ನುಂಗಿಕೊಳ್ಳುತ್ತದೆ. ಇಪ್ಪತ್ತು ಲ್ಯಾಪ್ ಸರ್ಕ್ಯೂಟ್‌ನಲ್ಲಿ ಓಡಿಸುವವರು ನೀರು ಬಿಟ್ಟರೆ ಕೆಡುತ್ತಾರೆ.

ಎರಡರ ನಡುವಿನ ದಾರಿಯೂ ಇದೆ. ಲೈನರ್‌ನ ತಲೆ ಭಾಗದಲ್ಲಿ ಅಗಲವಾದ ಕಾಲರ್, ಪಕ್ಕದ ಕಾಲರ್‌ಗೆ ಒತ್ತಿಕೊಳ್ಳುವಂತೆ ಚಪ್ಪಟೆ ಅಂಚು, ಕೆಳಗಡೆ ವೆಟ್. ಡೆಕ್ ಅಂದರೆ ಹೆಡ್ ಕೂರುವ ಬ್ಲಾಕಿನ ಮೇಲ್ಮುಖ. ಹೋಂಡಾದ ಓಪನ್ ಡೆಕ್ ಬ್ಲಾಕ್‌ಗಳಲ್ಲಿ ಸಿಲಿಂಡರ್‌ಗಳ ಮೇಲ್ತುದಿಗಳು ನೀರಿನಲ್ಲಿ ನಿಂತ ಕಂಬಗಳ ಥರ ಇರುತ್ತವೆ. ಟರ್ಬೊ ಒತ್ತಡ ಬಿದ್ದಾಗ ಅಲ್ಲಾಡಿ ಗ್ಯಾಸ್ಕೆಟ್ ತಿನ್ನುತ್ತವೆ. ಕಾಲರ್‌ಗಳು ಸಾಲಾಗಿ ಒತ್ತಿ ನಿಂತರೆ ಡೆಕ್ ಮುಚ್ಚಿದಂತಾಗಿ ಆ ಅಲ್ಲಾಟ ನಿಲ್ಲುತ್ತದೆ. ಅಮೆರಿಕದ ಡಾರ್ಟನ್ ಕಂಪನಿಯ ಎಂಐಡಿ ಲೈನರ್‌ಗಳು ಇದೇ ಜಾತಿ. ಇದರ ಬದಲು ಡೆಕ್‌ನ ನೀರಿನ ಜಾಗಕ್ಕೆ ಒಂದು ಪ್ಲೇಟ್ ಬಡಿದು ಕೂರಿಸುವವರಿದ್ದಾರೆ. ಬಡಿದ ಮೇಲೆ ಬೋರ್ ಗೇಜ್ ಇಳಿಸಿ ನೋಡಿ, ಬೋರ್ ದುಂಡಗೆ ಉಳಿದಿರುವುದು ಅಪರೂಪ.

4. ಯಾವ ಲೋಹ

ನಮ್ಮ ಫೌಂಡ್ರಿ ಭಾಷೆಯಲ್ಲೇ ಹೇಳುತ್ತೇನೆ. ಸಾದಾ ಬೀಡು (ಎರಕದ ಕಬ್ಬಿಣ) ಅಂದರೆ ಎಫ್‌ಜಿ 260 ಥರದ್ದು. ಆ ಸಂಖ್ಯೆ ಅದರ ಎಳೆತದ ಬಲ, 260 ಮೆಗಾಪ್ಯಾಸ್ಕಲ್. ಎಸ್‌ಜಿ ಐರನ್ ಅಂದರೆ ಎಸ್‌ಜಿ 500/7, 600/3 ಹೀಗೆ. ಮೊದಲನೆಯದು ಬಲ, ಎರಡನೆಯದು ಮುರಿಯುವ ಮುಂಚೆ ಶೇಕಡಾ ಎಷ್ಟು ಹಿಗ್ಗುತ್ತದೆ ಅನ್ನುವುದು. ಸಾದಾ ಬೀಡು ಹಿಗ್ಗುವುದೇ ಇಲ್ಲ ಅನ್ನಿ, ನೇರ ಸೀಳುತ್ತದೆ.

ಸಾದಾ ಬೀಡಿನೊಳಗೆ ಗ್ರಾಫೈಟ್ ಚಿಕ್ಕ ಚಿಕ್ಕ ಪದರಗಳಾಗಿ ಹರಡಿರುತ್ತದೆ. ಎಣ್ಣೆ ಹಿಡಿದಿಡುವುದರಲ್ಲಿ, ರಿಂಗ್ ಜೊತೆ ಹೊಂದಿಕೊಳ್ಳುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅದೇ ಪದರಗಳು ಬಿರುಕಿಗೂ ದಾರಿ. ಎಸ್‌ಜಿಯಲ್ಲಿ ಗ್ರಾಫೈಟ್ ಗುಂಡು ಗುಂಡಾಗಿರುವುದರಿಂದ ಬಿರುಕು ಅಷ್ಟು ಸಲೀಸಾಗಿ ಓಡುವುದಿಲ್ಲ. ಬೆಲೆ ಕೊಡಬೇಕಾದ್ದು ಶಾಖದ ವಿಷಯದಲ್ಲಿ. ಸಾದಾ ಬೀಡು ಸಾಗಿಸುವಷ್ಟು ಶಾಖವನ್ನು ಎಸ್‌ಜಿ ಸಾಗಿಸುವುದಿಲ್ಲ, ಸುಮಾರು ಮೂರರಲ್ಲಿ ಎರಡು ಪಾಲು ಅಷ್ಟೇ. ಅಲ್ಯೂಮಿನಿಯಂ ಇವೆರಡಕ್ಕಿಂತ ಎಷ್ಟೋ ಮುಂದೆ.

ಈಗ ಒಂದು ಸಣ್ಣ ಲೆಕ್ಕ. ಸಿಲಿಂಡರ್ ಒಳಗಿನ ಒತ್ತಡವನ್ನು ಬೋರ್‌ನ ಅರ್ಧದಿಂದ ಗುಣಿಸಿ, ಗೋಡೆಯ ದಪ್ಪದಿಂದ ಭಾಗಿಸಿದರೆ ಗೋಡೆಯ ಮೇಲೆ ಬೀಳುವ ಎಳೆತ ಸಿಗುತ್ತದೆ. ಟರ್ಬೊ ಎಂಜಿನ್‌ನಲ್ಲಿ ಉರಿಯುವ ಹೊತ್ತಿನ ಒತ್ತಡ 120 ಬಾರ್, ಅಂದರೆ 12 ಮೆಗಾಪ್ಯಾಸ್ಕಲ್ ಅಂತ ಇಟ್ಟುಕೊಳ್ಳಿ. 12 ಗುಣಿಸು 43 ಭಾಗಿಸು 3, ಉತ್ತರ 172. ಎಫ್‌ಜಿ 260ಗೆ ಇದು ಕತ್ತಿನ ತನಕ ಬಂದ ನೀರು. ಅದೂ ಒಂದು ಸಲದ ಏಟಲ್ಲ, ನಿಮಿಷಕ್ಕೆ ಸಾವಿರಾರು ಏಟು. ನಾಕಿಂಗ್ (ಇಂಧನ ತಾನಾಗೇ ಸಿಡಿಯುವುದು) ಶುರುವಾದರೆ ಒತ್ತಡ ಇನ್ನೂ ಜಿಗಿಯುತ್ತದೆ. ಡ್ರೈ ಲೈನರ್‌ನಲ್ಲಿ ಸುತ್ತಲ ಅಲ್ಯೂಮಿನಿಯಂ ಒಂದಿಷ್ಟು ಹೊರೆ ಹೊರುತ್ತದೆ, ನಿಜ. ವೆಟ್‌ನಲ್ಲಿ ಹೊರುವವರು ಯಾರೂ ಇಲ್ಲ.

ಹಾಗಾಗಿ ಟರ್ಬೊ ಇಲ್ಲದ, ಡ್ರೈ ಲೈನರ್ ಎಂಜಿನ್‌ಗೆ ಒಳ್ಳೆಯ ಸಾದಾ ಬೀಡೇ ಸಾಕು, ಸುಮ್ನೆ ದುಡ್ಡು ಸುರಿಯಬೇಡಿ. ಟರ್ಬೊ, ಸೂಪರ್‌ಚಾರ್ಜರ್, ನೈಟ್ರಸ್, ಈ ಮೂರರಲ್ಲಿ ಯಾವುದಿದ್ದರೂ ಎಸ್‌ಜಿ. ಯಾವುದೇ ಇರಲಿ, ತಿರುಗುವ ಅಚ್ಚಿನಲ್ಲಿ ಎರೆದ ಲೈನರ್ ತಗೊಳ್ಳಿ. ಅಚ್ಚು ತಿರುಗುವಾಗ ಲೋಹ ಒತ್ತಾಗಿ ಕೂರುತ್ತದೆ, ಹಗುರಾದ ಕಸ ಒಳಮೈಗೆ ಬರುತ್ತದೆ, ಅದನ್ನು ಬೋರ್ ಮಾಡಿ ತೆಗೆಯುತ್ತಾರೆ. ನಮ್ಮ ದೇಶದಲ್ಲೇ ಸಾತಾರಾ, ವಿಜಯವಾಡ ಕಡೆಯ ಕಾರ್ಖಾನೆಗಳು ದಶಕಗಳಿಂದ ಲೈನರ್ ಎರೆಯುತ್ತಿವೆ. ಜೆಸಿ ರೋಡಿನಲ್ಲಿ ಸಿಗುವ ಡೀಸೆಲ್ ಲೈನರ್ ತಂದು ಲೇತ್‌ನಲ್ಲಿ ಹೊರಮೈ ಇಳಿಸಿ ಹಾಕುವ ಜಾಣರೂ ಇದ್ದಾರೆ. ತಪ್ಪೇನಿಲ್ಲ, ಅದು ಯಾವ ಗ್ರೇಡು ಅಂತ ಗೊತ್ತಿದ್ದರೆ ಮಾತ್ರ.

ಉಕ್ಕಿನ ಲೈನರ್ ಬಗ್ಗೆಯೂ ಕೇಳುತ್ತಾರೆ. ಇಎನ್19 ಥರದ ಉಕ್ಕು ಎಸ್‌ಜಿಗಿಂತ ಬಲ, ಗೋಡೆ ತೆಳ್ಳಗೆ ಮಾಡಬಹುದು. ಆದರೆ ಬರೀ ಉಕ್ಕಿನ ಮೇಲೆ ರಿಂಗ್ ಉಜ್ಜಿದರೆ ಕಚ್ಚುತ್ತದೆ. ನೈಟ್ರೈಡಿಂಗೋ (ಮೈಗೆ ಸಾರಜನಕ ಹಿಡಿಸಿ ಗಡಸು ಮಾಡುವುದು) ಲೇಪನವೋ ಮಾಡಿಸಲೇಬೇಕು. ಜಾಗ ಇಲ್ಲದಿದ್ದಾಗ ಮಾತ್ರ ಆ ದಾರಿ.

ಇನ್ನು ನಿಕಾಸಿಲ್. ನಿಕ್ಕಲ್ ಒಳಗೆ ಸಿಲಿಕಾನ್ ಕಾರ್ಬೈಡ್ ಕಣ ಬೆರೆಸಿದ ಲೇಪನ, ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಜರ್ಮನಿಯ ಮಾಲೆ ಕಂಪನಿ 1967ರಲ್ಲಿ ಇದನ್ನು ತಂದಿತು, ಪೋರ್ಷೆ ಬೇಗ ಕೈಗೆತ್ತಿಕೊಂಡಿತು. ಅಲ್ಯೂಮಿನಿಯಂ ಲೈನರ್ ಒಳಗೆ ನಿಕಾಸಿಲ್ ಹಾಕಿದರೆ ಲೈನರ್, ಬ್ಲಾಕ್, ಪಿಸ್ಟನ್ ಮೂರೂ ಹೆಚ್ಚುಕಡಿಮೆ ಒಂದೇ ಸಮ ಹಿಗ್ಗುತ್ತವೆ. ಮುಂದಿನ ಭಾಗದಲ್ಲಿ ಹೇಳುವ ತಲೆನೋವು ಅರ್ಧ ಇಳಿಯುತ್ತದೆ. 1990ರ ದಶಕದಲ್ಲಿ ಬಿಎಂಡಬ್ಲ್ಯೂ ವಿ8ಗಳಲ್ಲಿ ಗಂಧಕ ಜಾಸ್ತಿ ಇದ್ದ ಪೆಟ್ರೋಲ್ ಈ ಲೇಪನವನ್ನು ತಿಂದುಹಾಕಿತ್ತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್6 ಪೆಟ್ರೋಲ್ ಬಂದಿದೆ, ಗಂಧಕದ ಮಿತಿ 10 ಪಿಪಿಎಂ. ಆ ಭಯ ಈಗ ಬೇಡ. ಉಳಿದಿರುವ ಅಡ್ಡಿ ಒಂದೇ. ಗೀರು ಬಿದ್ದರೆ ಬೋರ್ ಹಾಕಿಸಿ ಓವರ್‌ಸೈಜ್ ಪಿಸ್ಟನ್ ಹಾಕುವ ನಮ್ಮ ಹಳೇ ಅಭ್ಯಾಸ ಇಲ್ಲಿ ನಡೆಯದು, ಲೇಪನವನ್ನೇ ಮತ್ತೆ ಮಾಡಿಸಬೇಕು.

ಫಾರ್ಮುಲಾ ಸ್ಟೂಡೆಂಟ್ ಕಾರು ಕಟ್ಟುವ ಕಾಲೇಜು ಹುಡುಗರು ಕೆಟಿಎಂ 390ರ ಸಿಲಿಂಡರ್ ಹಿಡಿದು ಬರುತ್ತಾರೆ. 89 ಮಿಮೀ ಬೋರ್, ನಿಕಾಸಿಲ್, ಗೀರು ಬಿದ್ದಿರುತ್ತದೆ. "ಸ್ಲೀವ್ ಹಾಕ್ಕೊಡಿ ಸಾರ್, ಅದೇ ಪಿಸ್ಟನ್ ಹಾಕ್ತೀವಿ." ಹಾಕಬಹುದು. ಆದರೆ ಬೀಡಿನ ಸ್ಲೀವ್ (ಲೈನರ್‌ಗೇ ಇನ್ನೊಂದು ಹೆಸರು) ಪಿಸ್ಟನ್‌ನಷ್ಟು ಹಿಗ್ಗುವುದಿಲ್ಲ. ನಿಕಾಸಿಲ್‌ಗೆ ಇಟ್ಟಿದ್ದ ಅದೇ ಸಣ್ಣ ಸಂದು ಬಿಸಿಯಾದಾಗ ಇನ್ನೂ ಕಿರಿದಾಗಿ ಎಂಜಿನ್ ಸೀಜ್ ಆಗುತ್ತದೆ. ಸ್ಲೀವ್ ಹಾಕಿದರೆ ಪಿಸ್ಟನ್ ಸಂದಿನ ಲೆಕ್ಕವೂ ಹೊಸದು.

5. ಎಷ್ಟು ಟೈಟ್

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಅಲ್ಯೂಮಿನಿಯಂ ಬೀಡಿಗಿಂತ ಎರಡು ಪಟ್ಟು ಹಿಗ್ಗುತ್ತದೆ. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 22 ಮೈಕ್ರಾನ್ ಹಿಗ್ಗಿದರೆ ಬೀಡು 11 ಮೈಕ್ರಾನ್.

86 ಬೋರ್, 3 ಮಿಮೀ ಗೋಡೆ, ಲೈನರ್‌ನ ಹೊರಮೈ 92 ಮಿಮೀ ಅನ್ನಿ. ಬೆಳಗ್ಗೆ ಶೆಡ್‌ನಲ್ಲಿ 25 ಡಿಗ್ರಿ. ಎಂಜಿನ್ ಓಡಿ ಬ್ಲಾಕ್ 110 ಡಿಗ್ರಿಗೆ ಬಂತು, 85 ಡಿಗ್ರಿ ಏರಿತು. ಬ್ಲಾಕಿನ ತೂತು 0.172 ಮಿಮೀ ದೊಡ್ಡದಾಯಿತು. ಲೈನರ್ ಅದೇ 85 ಡಿಗ್ರಿಗೆ 0.086 ಮಾತ್ರ ದೊಡ್ಡದಾಯಿತು. ವ್ಯತ್ಯಾಸ 0.086. ತಣ್ಣಗಿದ್ದಾಗ ನೀವು 0.09 ಟೈಟ್ ಕೊಟ್ಟಿದ್ದರೆ, ಅಂದರೆ ಲೈನರ್ ಹೊರಮೈಯನ್ನು ತೂತಿಗಿಂತ ಅಷ್ಟು ದೊಡ್ಡದಿಟ್ಟಿದ್ದರೆ, ಬಿಸಿಯಲ್ಲಿ ಹಿಡಿತ ಹೆಚ್ಚುಕಡಿಮೆ ಸೊನ್ನೆ! ಕಾಪಾಡುವುದು ಒಂದೇ ವಿಷಯ, ಬೆಂಕಿಗೆ ಹತ್ತಿರ ಇರುವ ಲೈನರ್ ಬ್ಲಾಕ್‌ಗಿಂತ ಬಿಸಿ. 40 ಡಿಗ್ರಿ ಜಾಸ್ತಿ ಇದ್ದರೆ ಇನ್ನೂ 0.04 ಹಿಗ್ಗುತ್ತದೆ. ಆ 0.04 ಮೇಲೆ ನಿಮ್ಮ ಎಂಜಿನ್ ನಿಂತಿದೆ.

ಹೀಗಾಗಿ ಅಲ್ಯೂಮಿನಿಯಂಗೆ ಡ್ರೈ ಲೈನರ್ ಕೂರಿಸುವಾಗ ಈ ಸೈಜಿಗೆ 0.08ರಿಂದ 0.10 ಮಿಮೀ ಟೈಟ್ ಇಡುತ್ತೇನೆ. ಬೀಡಿನ ಬ್ಲಾಕ್ ಮಾಡಿ ಪಳಗಿದ ಕೈಗಳು 0.05 ಕೊಟ್ಟು "ಸಾಕು ಬಿಡಿ" ಅನ್ನುತ್ತವೆ. ಸಾಲದು. ಹಿಡಿತ ಹೋದರೆ ಲೈನರ್ ಸಡಿಲವಾಗುವುದಷ್ಟೇ ಅಲ್ಲ, ನಡುವೆ ಕೂದಲೆಳೆಯ ಗಾಳಿ ಸಂದು ಬಂದರೂ ಶಾಖ ಬ್ಲಾಕ್‌ಗೆ ದಾಟುವುದಿಲ್ಲ. ಲೈನರ್ ಒಳಗೇ ಬೇಯುತ್ತದೆ. ಇನ್ನೊಂದು ತುದಿಗೆ ಹೋಗಿ 0.15 ಕೊಟ್ಟರೆ ಸಿಲಿಂಡರ್‌ಗಳ ನಡುವಿನ ತೆಳು ಅಲ್ಯೂಮಿನಿಯಂ ಸೀಳಬಹುದು.

ತೂತನ್ನೂ ಲೈನರನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಎರಡೆರಡು ದಿಕ್ಕಿನಲ್ಲಿ ಅಳೆಯಿರಿ. ಅಳೆಯುವ ಮುಂಚೆ ಎರಡನ್ನೂ ರಾತ್ರಿಯಿಡೀ ಒಂದೇ ಕೋಣೆಯಲ್ಲಿ ಇಟ್ಟಿರಿ. ಮಧ್ಯಾಹ್ನದ ಬಿಸಿಲಿನಲ್ಲಿ ಆಟೋದಲ್ಲಿ ತಂದ ಬ್ಲಾಕನ್ನು ಆಗಲೇ ಅಳೆದರೆ ಅಳತೆಯಲ್ಲಿ 0.02 ಮಿಮೀ ಸುಳ್ಳು ಬರುತ್ತದೆ.

6. ಕಾಲರ್ ಎಲ್ಲಿ ಕೂರಬೇಕು

ಡ್ರೈ ಲೈನರ್ ಜಾರದಂತೆ ತಡೆಯಲು ಎರಡು ದಾರಿ. ಒಂದು, ತಳದಲ್ಲಿ ಬ್ಲಾಕಿನದೇ ಒಂದು ಮೆಟ್ಟಿಲು ಬಿಡುವುದು, ನೇರ ಲೈನರ್ ಅದರ ಮೇಲೆ ನಿಲ್ಲುತ್ತದೆ. ಇನ್ನೊಂದು, ಲೈನರ್ ತಲೆಗೆ ಕಾಲರ್, ಅದಕ್ಕೆ ಡೆಕ್‌ನಲ್ಲಿ ಮೆಟ್ಟಿಲು.

ತಳದ ಮೆಟ್ಟಿಲು ಅಗ್ಗ. ರಿಪೇರಿ ಕೆಲಸಕ್ಕೆ ಅದೇ ಸಾಕು. ಆದರೆ ಉದ್ದದ ಹಿಗ್ಗುವಿಕೆ ನೋಡಿ. ಲೈನರ್ ಉದ್ದ 130 ಮಿಮೀ. ಅದೇ 85 ಡಿಗ್ರಿ ಏರಿಕೆಗೆ ಬ್ಲಾಕ್ ಲೈನರ್‌ಗಿಂತ 0.12 ಮಿಮೀ ಜಾಸ್ತಿ ಉದ್ದವಾಗುತ್ತದೆ. ಲೈನರ್ ಬಿಸಿ ಜಾಸ್ತಿ ಇರುವುದನ್ನು ಕಳೆದರೂ 0.06 ಉಳಿಯುತ್ತದೆ. ಲೈನರ್ ತಳದಲ್ಲಿ ನಿಂತಿದೆ, ಡೆಕ್ ಮೇಲೇರಿದೆ. ಅಂದರೆ ಗ್ಯಾಸ್ಕೆಟ್‌ನ ಉಂಗುರ ಬಿಗಿಯಾಗಿ ಒತ್ತಬೇಕಾದ ಜಾಗದಲ್ಲೇ ಲೈನರ್ ಕೆಳಗೆ ಹೋಗಿದೆ. ಸುತ್ತಲ ಹಿಡಿತ ಒಂದಿಷ್ಟು ಎಳೆದು ಹಿಡಿಯುತ್ತದೆ, ಪೂರ್ತಿ ಅಲ್ಲ. ಕಾಲರ್ ಮೇಲಿದ್ದರೆ ಲೆಕ್ಕಕ್ಕೆ ಬರುವುದು ಕಾಲರ್‌ನ 5 ಮಿಮೀ ಎತ್ತರ ಮಾತ್ರ. ವ್ಯತ್ಯಾಸ ಕೆಲವೇ ಮೈಕ್ರಾನ್. ಲೈನರ್‌ನ ಬಾಲ ಕೆಳಗೆ ಸ್ವತಂತ್ರವಾಗಿರುತ್ತದೆ. ಟರ್ಬೊ ಎಂಜಿನ್‌ಗೆ ಕಾಲರ್ ಲೈನರ್ ಬಿಟ್ಟು ಬೇರೆ ನಾನು ಹಾಕುವುದಿಲ್ಲ. ಮೇಲೂ ಕಾಲರ್, ಕೆಳಗೂ ಮೆಟ್ಟಿಲು ಎರಡನ್ನೂ ತಾಗಿಸಲು ಹೋಗಬೇಡಿ. ಒಂದು ಕೂತರೆ ಇನ್ನೊಂದು ಕೂರುವುದಿಲ್ಲ. ತಳದಲ್ಲಿ ಸಣ್ಣ ಸಂದು ಇರಲಿ.

ಕಾಲರ್ ವಿಷಯದಲ್ಲಿ ನನಗೆ ಬುದ್ಧಿ ಬಂದ ಕಥೆ ಹೇಳಲೇಬೇಕು. ನನ್ನದೇ ಗಾಡಿ, ಹಳೇ ಓಪನ್ ಡೆಕ್ 1.5 ಲೀಟರ್ ಎಂಜಿನ್, ಸಣ್ಣ ಟರ್ಬೊ. ಆಗ ನನ್ನ ಹತ್ತಿರ ಬೋರಿಂಗ್ ಮೆಷೀನ್ ಇರಲಿಲ್ಲ, ಹೊರಗೆ ಒಂದು ಕಡೆ ಮಾಡಿಸಿದೆ. ಕೆಲಸ ಕನ್ನಡಿಯ ಹಾಗಿತ್ತು. ಎಂಟು ದಿನಕ್ಕೆ 2ನೇ, 3ನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಹೋಯಿತು. ಟ್ಯೂನಿಂಗ್ ಸರಿಯಿಲ್ಲ ಅಂದುಕೊಂಡೆ. ಇನ್ನೊಂದು ಹಾಕಿದೆ, ಹೋಯಿತು. ಹೆಡ್ ಸೊಟ್ಟ ಇರಬೇಕು ಅಂತ ಹೆಡ್ ಉಜ್ಜಿಸಿದೆ. ಮೂರನೆಯದೂ ಹೋಯಿತು.

ಕೊನೆಗೆ ಡಯಲ್ ಗೇಜ್ ನಿಲ್ಲಿಸಿ ಡೆಕ್ ಮೇಲೆ ನಿಧಾನವಾಗಿ ಎಳೆದೆ. ಅಲ್ಯೂಮಿನಿಯಂ ಮೇಲೆ ಮುಳ್ಳು ಸೊನ್ನೆ. 1ನೇ ಲೈನರ್ ಅಂಚು ದಾಟಿತು, ಅಲ್ಲಾಡಲಿಲ್ಲ. 2ನೇದು ಸರಿ. 3ನೇ ಲೈನರ್ ಮೇಲೆ ಬಂದ ಕೂಡಲೇ ಮುಳ್ಳು ಆರು ಗೆರೆ ಕೆಳಗೆ ಬಿತ್ತು. 0.06. ಲೈನರ್ ಹೊರತೆಗೆದು ನೋಡಿದರೆ ಕಾಲರ್‌ನ ಕೆಳಗಿನ ಮೂಲೆಯಲ್ಲಿ ಮಾತ್ರ ಒಂದು ಹೊಳೆಯುವ ಉಂಗುರ, ಉಳಿದ ಮುಖಕ್ಕೆ ಏನೂ ತಾಗಿಯೇ ಇಲ್ಲ. ಮೆಟ್ಟಿಲು ಕೊರೆದ ಟೂಲ್‌ನ ಮೂತಿ ಸವೆದಿತ್ತು. ಹಾಗಾಗಿ ಬ್ಲಾಕಿನ ಒಳಮೂಲೆ ದುಂಡಗೆ ಉಳಿದಿತ್ತು. ಕಾಲರ್‌ನ ಮೂಲೆ ಚೂಪು. ಲೈನರ್ ಆ ದುಂಡು ಮೂಲೆಯ ಮೇಲೆ ಕುಂಟುತ್ತಾ ನಿಂತಿತ್ತು. ಡೆಕ್ ಸಮ ಮಾಡಿದಾಗ ಎಲ್ಲ ಸರಿ ಕಂಡಿತು. ಹೆಡ್ ಬಿಗಿದು, ಬಿಸಿ ಮಾಡಿ, ಒತ್ತಡ ಕೊಟ್ಟಾಗ ಅಲ್ಯೂಮಿನಿಯಂ ಜಗ್ಗಿ ಅದು ಕೂತುಬಿಟ್ಟಿತು.

ಅಂದಿನಿಂದ ಮೂರು ಕೆಲಸ ತಪ್ಪದೆ ಮಾಡುತ್ತೇನೆ. ಕಾಲರ್‌ನ ಹೊರ ಕೆಳಮೂಲೆಗೆ ಅರ್ಧ ಮಿಮೀ ಚೇಂಫರ್ (ಓರೆ ಕತ್ತರಿಕೆ) ಹೊಡೆಸುತ್ತೇನೆ. ಕಾಲರ್ ಮೈಗೆ ಸೇರುವ ಮೂಲೆಯಲ್ಲಿ ಸಣ್ಣ ರೇಡಿಯಸ್ ಇರಬೇಕು, ಇಲ್ಲವಾದರೆ ಕಾಲರ್ ಅಲ್ಲಿಂದಲೇ ಕತ್ತರಿಸಿಕೊಂಡು ಹೋಗುತ್ತದೆ. ಆ ರೇಡಿಯಸ್‌ಗೆ ಜಾಗ ಸಿಗುವಂತೆ ಬ್ಲಾಕಿನ ಮೆಟ್ಟಿಲಿನ ಒಳ ಅಂಚಿಗೂ ಚೇಂಫರ್ ಕೊಡುತ್ತೇನೆ. ಆಮೇಲೆ ಮೆಟ್ಟಿಲಿಗೆ ಬ್ಲೂ (ಎಲ್ಲಿ ತಾಗಿತು ಅಂತ ತೋರಿಸುವ ನೀಲಿ ಬಣ್ಣ) ಹಚ್ಚುತ್ತೇನೆ. ಇದಕ್ಕೆ ಅಂತಲೇ ಹೊರಮೈ ಸ್ವಲ್ಪ ಇಳಿಸಿದ ಒಂದು ಲೈನರ್ ಇಟ್ಟುಕೊಂಡಿದ್ದೇನೆ. ಅದನ್ನು ಇಳಿಸಿ, ಅರ್ಧ ಸುತ್ತು ತಿರುಗಿಸಿ, ತೆಗೆದು ನೋಡುವುದು. ಕಾಲರ್‌ನ ಇಡೀ ಮುಖಕ್ಕೆ ನೀಲಿ ಅಂಟಿರಬೇಕು. ಅರ್ಧ ಚಂದ್ರ ಕಂಡರೆ ಮೆಟ್ಟಿಲು ಓರೆ.

7. ಕೂರಿಸುವುದು

ಸುತ್ತಿಗೆ ಬೇಡ, ಪ್ರೆಸ್ಸೂ ಬೇಡ. ಬ್ಲಾಕನ್ನು ಓವನ್‌ನಲ್ಲಿ 150 ಡಿಗ್ರಿಗೆ ಬಿಸಿ ಮಾಡಿ. ಅದಕ್ಕಿಂತ ಮೇಲೆ ಹೋಗಬೇಡಿ, ಗಂಟೆಗಟ್ಟಲೆ ಒಳಗೆ ಬಿಡಲೂ ಬೇಡಿ, ಅಲ್ಯೂಮಿನಿಯಂನ ಟಿ6 ಹದ (ಶಾಖ ಕೊಟ್ಟು ಗಟ್ಟಿ ಮಾಡಿದ ಹದ) ಕೆಡುತ್ತದೆ. 150ಕ್ಕೆ ನಮ್ಮ 92 ಮಿಮೀ ತೂತು 0.25 ಮಿಮೀ ಅಗಲವಾಗುತ್ತದೆ. ಲೈನರ್ ಮನೆಯ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಗೆ 0.04 ಕುಗ್ಗುತ್ತದೆ. 0.09 ಟೈಟ್ ಕಳೆದರೂ 0.2 ಸಂದು ಸಿಗುತ್ತದೆ. ಲೈನರ್ ತನ್ನ ಭಾರಕ್ಕೇ ಇಳಿಯುತ್ತದೆ. ಡ್ರೈ ಐಸ್ ಇದ್ದರೆ ಇನ್ನೂ ಸಲೀಸು, ಇಲ್ಲದಿದ್ದರೆ ಹುಡುಕಿಕೊಂಡು ಅಲೆಯಬೇಡಿ.

ಕೈಗೆ ಸಿಗುವುದು ಕೆಲವೇ ಸೆಕೆಂಡ್. ಫ್ರೀಜರ್‌ನಿಂದ ತೆಗೆದ ಲೈನರ್ ಮೇಲೆ ಹಿಮ ಕಟ್ಟುತ್ತದೆ, ಒಣ ಬಟ್ಟೆಯಲ್ಲಿ ಒಂದೇ ಸಲ ಒರೆಸಿ ನೇರವಾಗಿ ಬಿಡಿ. ಓರೆಯಾಗಿ ಸಿಕ್ಕಿಕೊಂಡರೆ ಬಡಿಯಲು ಹೋಗಬೇಡಿ, ಮತ್ತೆ ಬಿಸಿ ಮಾಡಿ ತೆಗೆಯಿರಿ. ಕೂತ ಮೇಲೆ ಅದರ ತಲೆಯ ಮೇಲೆ ದಪ್ಪ ಪ್ಲೇಟ್ ಇಟ್ಟು, ಹೆಡ್ ಬೋಲ್ಟಿನಿಂದ ಹಗುರಾಗಿ ಬಿಗಿದು, ತಣ್ಣಗಾಗುವವರೆಗೆ ಹಾಗೇ ಬಿಡಿ. ತಣಿಯುವಾಗ ಬ್ಲಾಕ್ ಲೈನರನ್ನು ಹಿಡಿದು ಮೇಲೆತ್ತುವ ಸಾಧ್ಯತೆ ಇರುತ್ತದೆ. ಪ್ಲೇಟ್ ಅದಕ್ಕೇ. ಮನೆಯ ಫ್ರೀಜರ್‌ನಲ್ಲಿ ಐಸ್‌ಕ್ರೀಮ್ ಪಕ್ಕ ಲೈನರ್ ಇಡುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ, ಅಷ್ಟೇ.

8. ಆಮೇಲಿನ ಮೆಷೀನ್ ಕೆಲಸ

ಲೈನರ್ ಕೂತ ಮೇಲೆ ಬ್ಲಾಕ್ ಸ್ವಲ್ಪ ಅಲುಗಿರುತ್ತದೆ. ಹಾಗಾಗಿ ಮೇನ್ ಬೇರಿಂಗ್ ಸಾಲನ್ನು ಮತ್ತೆ ಅಳೆಯಿರಿ, ಸರಿಯಿಲ್ಲದಿದ್ದರೆ ಲೈನ್ ಹೋನಿಂಗ್ (ಕಲ್ಲಿನಿಂದ ಉಜ್ಜಿ ಸಾಲು ನೇರ ಮಾಡುವುದು) ಮಾಡಿಸಿ. ಡ್ರೈ ಲೈನರ್ ಆದರೆ ಡೆಕ್ ಮತ್ತು ಲೈನರ್ ತಲೆಯನ್ನು ಒಟ್ಟಿಗೆ ಒಂದೇ ಸಮಕ್ಕೆ ಮಿಲ್ ಮಾಡಿಸಿ. ವೆಟ್ ಆದರೆ ಲೈನರ್ ಡೆಕ್‌ಗಿಂತ ಒಂದಿಷ್ಟು ಮೇಲಿರಬೇಕು, 0.03ರಿಂದ 0.05 ಮಿಮೀ. ಅದಕ್ಕಿಂತ ಮುಖ್ಯ, ನಾಲ್ಕೂ ಒಂದೇ ಎತ್ತರ ಇರಬೇಕು. ನಂತರ ನೀರಿನ ದಾರಿಗಳನ್ನು ಮುಚ್ಚಿ ಒಂದೂವರೆ ಬಾರ್ ಗಾಳಿ ಹಾಕಿ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಈಗಲೇ ಬರಲಿ.

ಬೋರ್ ಮಾಡುವಾಗ ಅಳತೆ ಕ್ರ್ಯಾಂಕ್‌ನ ಗೆರೆಯಿಂದ ಹಿಡಿಯಬೇಕು. ಹೋನಿಂಗ್‌ಗೆ ಟಾರ್ಕ್ ಪ್ಲೇಟ್ ಇಲ್ಲದ ಶಾಪ್‌ಗೆ ಅಲ್ಯೂಮಿನಿಯಂ ಬ್ಲಾಕ್ ಕೊಡಬೇಡಿ. ಹೆಡ್ ಬೋಲ್ಟ್ ಬಿಗಿದಾಗ ಬೋರ್ ಸೊಟ್ಟಗಾಗುತ್ತದೆ. ಪ್ಲೇಟ್ ಕಟ್ಟಿ, ಅದೇ ಸ್ಟಡ್, ಅದೇ ಗ್ಯಾಸ್ಕೆಟ್, ಅದೇ ಟಾರ್ಕ್ ಕೊಟ್ಟು ಆ ಸೊಟ್ಟಗಾದ ಸ್ಥಿತಿಯಲ್ಲೇ ದುಂಡಗೆ ಹೋನ್ ಮಾಡಬೇಕು. ಪ್ಲೇಟ್ ಬಿಚ್ಚಿ ಬೋರ್ ಗೇಜ್ ಇಳಿಸಿದರೆ ದುಂಡಗಿರುವುದಿಲ್ಲ, ಗಾಬರಿಯಾಗಬೇಡಿ. ಎಸ್‌ಜಿ ಲೈನರ್ ಸಾದಾ ಬೀಡಿಗಿಂತ ಗಡಸು, ಅದೇ ಕಲ್ಲಿನಲ್ಲಿ ಮಾಡಿದರೆ ಹರಿದಂತೆ ಮೈ ಬರುತ್ತದೆ. ಹೋನ್ ಮಾಡುವವರಿಗೆ ಲೋಹ ಯಾವುದು, ರಿಂಗ್ ಯಾವುದು ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ. ಹೋನ್ ಕಲ್ಲು ಬಿಡುವ ಗೆರೆಗಳ ಕೋನ 45 ಡಿಗ್ರಿ ಆಸುಪಾಸು ಸಾಕು.

ಪಿಸ್ಟನ್ ಸಂದು ಪಿಸ್ಟನ್ ಕಂಪನಿಯ ಹಾಳೆಯಲ್ಲಿ ಇರುವಂತೆ ಇಡಿ. ಸಾಮಾನ್ಯವಾಗಿ 2618 ಮಿಶ್ರಲೋಹದ ಪಿಸ್ಟನ್‌ಗೆ ಜಾಸ್ತಿ ಸಂದು ಬೇಕು, 4032ಕ್ಕೆ ಕಡಿಮೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ 2618 ಟಕಟಕ ಅನ್ನುತ್ತದೆ, ಬಿಸಿಯಾದ ಮೇಲೆ ಸುಮ್ಮನಾಗುತ್ತದೆ.

ಆರ್ಡರ್ ಕೊಡುವಾಗ ನಾಲ್ಕರ ಜೊತೆ ಐದನೇ ಲೈನರ್ ಕೂಡ ಅದೇ ಎರಕದ್ದು ತರಿಸಿ. ಬಂದ ತಕ್ಷಣ ಐದನ್ನೂ ನೇತುಹಾಕಿ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಎಲ್ಲವೂ ಒಂದೇ ಥರ ಗಂಟೆಯ ಹಾಗೆ ಮೊಳಗಬೇಕು. ಒಂದು ಮಾತ್ರ ಡಬ್ ಅಂದರೆ ಅದನ್ನು ಪಕ್ಕಕ್ಕಿಡಿ. ಮೆಟ್ಟಿಲಿಗೆ ಬ್ಲೂ ನೋಡುವ ಲೈನರ್ ಬೇಕು ಅಂದೆನಲ್ಲ, ಪಕ್ಕಕ್ಕಿಟ್ಟ ಈ ಲೈನರ್‌ನ ಹೊರಮೈ ಇಳಿಸಿ ಆ ಕೆಲಸಕ್ಕೆ ಬಳಸಿಕೊಳ್ಳಿ.